ಪಿಜ್ಜಾ ಆರು ಹೋಳು, ರೊಟ್ಟಿ ಒಂದೂ ಇಲ್ಲ

ಬಳ್ಳಾರಿಯ ಬೆಂಗಳೂರು ರಸ್ತೆಯ ಆಟಿಕೆ ಅಂಗಡಿಯಲ್ಲಿ 'ಕಿಚನ್ ಸೆಟ್ ಕೊಡ್ರಿ' ಎಂದರೆ ಮೊದಲು ಗಲ್ಲಾದ ಮೇಲೆ ಬಂದು ಕೂರುವುದು ಪಾರದರ್ಶಕ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ. ಒಳಗೆ ಆರು ಹೋಳಿನ ಪಿಜ್ಜಾ, ಒಂದು ಬರ್ಗರ್, ಹಸಿರು ಬ್ರಾಕೊಲಿ, ನಡುವೆ ಸೀಳಿ ವೆಲ್‌ಕ್ರೋ ಅಂಟಿಸಿದ ಸೇಬು, ಟೊಮೆಟೊ, ಅವನ್ನು 'ಕತ್ತರಿಸಲು' ಒಂದು ಮೊಂಡು ಚಾಕು. ಅಂಗಡಿಯ ಹೊರಗೆ, ನಾಲ್ಕು ಹೆಜ್ಜೆ ಆಚೆ, ಗಾಡಿಯವನು ಮಂಡಕ್ಕಿ ಒಗ್ಗರಣೆ ಕಲಸುತ್ತಾ ಪಕ್ಕದ ಬಾಣಲೆಯಲ್ಲಿ ಮಿರ್ಚಿ ಕರಿಯುತ್ತಿರುತ್ತಾನೆ. ಊರಿನ ಕೂಸುಗಳು ಹುಟ್ಟಿದಾಗಿನಿಂದ ನೋಡಿದ್ದು ಅದನ್ನು. ಡಬ್ಬಿಯಲ್ಲಿ ಅದಿಲ್ಲ.

ಆ ಡಬ್ಬಿಯನ್ನು ತಿರುವಿ ಮುರುವಿ ನೋಡುತ್ತಿದ್ದ ಹೆಂಗಸಿನ ಪರಿಚಯ ಅಂಗಡಿಯವನಿಗಿರಲಿಲ್ಲ. ಕುರುಗೋಡು ಸೀಮೆಯಲ್ಲಾಗಿದ್ದರೆ ಇರುತ್ತಿತ್ತು. ಅಲ್ಲಿನ ಹಳ್ಳಿಯೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿದ್ದು ನಿವೃತ್ತರಾದ ಅವರನ್ನು ತಾಯಂದಿರೂ ಆ ತಾಯಂದಿರ ಮಕ್ಕಳೂ 'ಟೀಚರಮ್ಮ' ಎಂದೇ ಕರೆದವರು. ಹುಟ್ಟಿದ್ದು ಸಿರುಗುಪ್ಪದಲ್ಲಿ, ಕೊಟ್ಟಿದ್ದು ಕುರುಗೋಡಿಗೆ, ಈಗ ಇರುವುದು ಬಳ್ಳಾರಿಯ ಮಗನ ಮನೆಯಲ್ಲಿ. ಮೊಮ್ಮಗಳಿಗೆ ಎರಡು ತುಂಬುವುದಿತ್ತು. 'ಅತ್ತಿ, ಅಡಿಗಿ ಆಟದ ಸಾಮಾನು ನೀವೇ ತರ್ರಿ, ನಿಮಗೆ ಗೊತ್ತಾಗ್ತೈತಿ' ಎಂದು ಸೊಸೆ ಜವಾಬ್ದಾರಿ ವಹಿಸಿದ್ದಳು.

'ನಲವತ್ತೆರಡು ಪೀಸ್ ಐತಮ್ಮಾ. ಈ ರೇಟಿಗೆ ಎಲ್ಲೂ ಸಿಗಂಗಿಲ್ಲ.'

'ಎರಡು ವರ್ಷದ ಕೂಸಿಗೆ ನಲವತ್ತೆರಡು ಯಾಕಪ್ಪ? ಇದರಾಗ ಬೋಗಣಿ ಎಲ್ಲೈತಿ?'

ಅವನು ಹುಡುಕಿದ. ಒಂದು ಫ್ರೈಪ್ಯಾನು ಸಿಕ್ಕಿತು, ಅಂಗೈಯಷ್ಟು. ಅದರ ಮೇಲೆ ಅಚ್ಚೊತ್ತಿದ ಮೊಟ್ಟೆ ಮೊದಲೇ ಬೆಂದು ಕೂತಿತ್ತು.

ಟೀಚರಮ್ಮನ ತಕರಾರು ಇದ್ದದ್ದೇ ಅಲ್ಲಿ. ತಿನಿಸೆಲ್ಲ ಆಗಿಹೋಗಿದ್ದರೆ ಮಗು ಮಾಡುವುದೇನು?

ಸಿರುಗುಪ್ಪದಲ್ಲಿ ಅವರ ಕಾಲದ ಹುಡುಗಿಯರಿಗೆ ಈ ತೊಂದರೆ ಇರಲಿಲ್ಲ. ತುಂಗಭದ್ರಾ ಕಾಲುವೆಯ ನೀರು ಹರಿದ ಮೇಲೆ ಆ ಸೀಮೆ ಭತ್ತದ ಸೀಮೆಯಾಯಿತು, ಭತ್ತದ ಹಿಂದೆ ರೈಸ್ ಮಿಲ್ಲುಗಳು ಬಂದವು. ಮಿಲ್ಲಿನ ಹಿಂದಿನ ಓಣಿಯಲ್ಲಿ ಮನೆ ಇದ್ದವರಿಗೆ ಆಟದ ದಿನಸಿಗೆ ಬರವೇ ಇಲ್ಲ. ತೌಡು ಅಂದರೆ ಹಿಟ್ಟು. ಭತ್ತದ ಹೊಟ್ಟು ಅಂದರೆ ಅನ್ನ. ಇಟ್ಟಂಗಿ ಕುಟ್ಟಿದರೆ ಖಾರದ ಪುಡಿ. ಮೆಣಸಿನಕಾಯಿ ಬೆಳೆಯುವ ಜಿಲ್ಲೆಯ ಮಕ್ಕಳಾದ್ದರಿಂದ ಅದನ್ನು ಹಾಕುವಾಗ ಮೂಗು ಮುಚ್ಚಿಕೊಂಡು ಸೀನುವ ನಟನೆಯೂ ಕಡ್ಡಾಯ. ಹುಣಸೆ ಚಿಗುರು ಪಲ್ಯ. ರೊಟ್ಟಿ ಮಾತ್ರ ಎರೆಮಣ್ಣಿನದು. ಎರೆಮಣ್ಣಿನ ಗುಣ ರೈತರಿಗೆ ಗೊತ್ತು: ಒದ್ದೆಯಿದ್ದಾಗ ಕೈಗೆ ಅಂಟುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಬಿಸಿಲಿಗಿಟ್ಟ ರೊಟ್ಟಿ ಸಂಜೆಯೊಳಗೆ ನಾಲ್ಕು ಚೂರು. ಓಣಿಯ ಹಿರೇ ಹುಡುಗಿಯೊಬ್ಬಳು ಮಣ್ಣಿಗೆ ಹೊಟ್ಟು ಬೆರೆಸಿ ನಾದಿದಳು, ರೊಟ್ಟಿ ಇಡಿಯಾಗಿ ಉಳಿಯಿತು. ಗೋಡೆಗೆ ಮಣ್ಣು ಮೆತ್ತುವವರು ಹುಲ್ಲು ಹೊಟ್ಟು ತುಳಿದು ಬೆರೆಸುವುದನ್ನು ಅವಳು ನೋಡಿದ್ದಳೋ, ತಾನೇ ಕಂಡುಕೊಂಡಳೋ, ಯಾರೂ ಕೇಳಲಿಲ್ಲ. ಆಮೇಲೆ ಎಲ್ಲರ ರೊಟ್ಟಿಗೂ ಹೊಟ್ಟು ಬಿತ್ತು.

ಕೊಂಡು ತಂದ ಸಾಮಾನೆಂದರೆ ಪಾತ್ರೆ ಮಾತ್ರ. ಜಾತ್ರೆಯಲ್ಲಿ ಸಿಗುವ ತಗಡಿನ ಬೋಗಣಿ, ಮಣ್ಣಿನ ಕುಡಿಕೆ, ಹಿಡಿಯಷ್ಟು ಒಲೆ, ಕಟ್ಟಿಗೆಯ ಬೀಸುಕಲ್ಲು. ಬೀಗರು ಬರುತ್ತಾರೆಂದು ಆಟ ಶುರುವಾದರೆ ಬೀಗರು ಉಣ್ಣುವ ಹೊತ್ತು ಒಂದು ಚಿಟಿಕೆ, ಅಡುಗೆಯ ಹೊತ್ತು ಇಡೀ ಮಧ್ಯಾಹ್ನ. ಕೆಲವೊಮ್ಮೆ ಬೀಗರು ಬರುವ ಮೊದಲೇ ಮನೆಯಿಂದ ಕೂಗು ಬಂದು ಆಟವೇ ಮುಗಿಯುತ್ತಿತ್ತು. ಅದಕ್ಕೆ ಯಾರೂ ಬೇಜಾರಾದದ್ದಿಲ್ಲ.

ಇದು ಸಿರುಗುಪ್ಪದ ಓಣಿಯೊಂದರ ಚಾಳಿಯಲ್ಲ. ಮರಾಠಿ ಮನೆಗಳ 'ಭಾತುಕಲಿ' ನೋಡಿ, ತಮಿಳರ 'ಚೆಪ್ಪು ಸಾಮಾನ್' ನೋಡಿ, ಚನ್ನಪಟ್ಟಣದ ಹಳೆಯ ಅಡುಗೆ ಸೆಟ್ಟು ನೋಡಿ: ಒಲೆ, ಬೀಸುಕಲ್ಲು, ಒರಳು, ಲಟ್ಟಣಿಗೆ, ಕೊಡ, ಸೌಟು. ತಿನಿಸು ಎಲ್ಲೂ ಇಲ್ಲ. ಅಕ್ಕಿ ಬೆಲ್ಲ ಮನೆಯಿಂದ, ಸೊಪ್ಪು ಮಣ್ಣು ಅಂಗಳದಿಂದ. ಕಸುಬುದಾರ ಪಾತ್ರೆ ಮಾಡಿಕೊಟ್ಟು ಉಳಿದದ್ದನ್ನು ಮಗುವಿಗೆ ಬಿಟ್ಟ. ಈಗಿನ ಡಬ್ಬಿ ತಿನಿಸನ್ನು ಮಾರುತ್ತದೆ, ಪಾತ್ರೆಯನ್ನು ಹೆಸರಿಗೆ ಒಂದೆರಡು ಹಾಕುತ್ತದೆ. ಬಣ್ಣ ಕಣ್ಣಿಗೆ ಬೀಳುವುದು ತಿನಿಸಿನಲ್ಲಿ, ಪೀಸಿನ ಲೆಕ್ಕ ಏರುವುದೂ ತಿನಿಸಿನಲ್ಲಿ. ಪಿಜ್ಜಾದ ಒಂದೊಂದು ಹೋಳೂ ಒಂದೊಂದು ಪೀಸು.

ಆಟಕ್ಕೂ ತಿನಿಸಿಗೂ ನಡುವೆ ಗಡಿಯೇ ಇಲ್ಲದ ಒಂದು ಸಾಮಾನು ಈ ಭಾಗದಲ್ಲಿತ್ತು, ಇನ್ನೂ ಇದೆ. ಗೌರಿ ಹುಣ್ಣಿಮೆಗೆ ಮಾಡುವ ಸಕ್ಕರೆ ಆರತಿ. ಕಟ್ಟಿಗೆಯ ಅಚ್ಚಿಗೆ ಸಕ್ಕರೆ ಪಾಕ ಹೊಯ್ದು ತೆಗೆದ ಆನೆ, ಕುದುರೆ, ನವಿಲು, ಗೋಪುರ. ಸಂಜೆ ಹೆಣ್ಣುಮಕ್ಕಳು ಆರತಿ ತಟ್ಟೆಯಲ್ಲಿಟ್ಟು ಗೌರಿಗೆ ಬೆಳಗಿ ಬರುತ್ತಾರೆ. ಮರುದಿನದಿಂದ ಕುದುರೆಗೆ ಕಿವಿ ಇರುವುದಿಲ್ಲ, ಅದರ ಮರುದಿನ ತಲೆ. ಟೀಚರಮ್ಮನ ತಮ್ಮ ಆನೆಯ ಸೊಂಡಿಲನ್ನು ಮಾತ್ರ ನೆಕ್ಕಿ ನೆಕ್ಕಿ ಸೂಜಿ ಮಾಡಿ, ಉಳಿದ ಆನೆಯನ್ನು ಜೋಪಾನವಾಗಿಟ್ಟು, ಕೊನೆಗೆ ಇರುವೆಗಳಿಗೆ ಒಪ್ಪಿಸುತ್ತಿದ್ದ.

ಅಂಗನವಾಡಿಗೆ ಸೇರಿದ ಮೇಲೆ ಅವರಿಗೆ ಈ ಆಟವನ್ನು ಇನ್ನೊಂದು ಕಡೆಯಿಂದ ನೋಡುವ ಅವಕಾಶ ಸಿಕ್ಕಿತು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಮೊದಲು ಟಿ. ನರಸೀಪುರದಲ್ಲಿ, ಆಮೇಲೆ ಊರೂರಿಗೆ. ಟೀಚರಮ್ಮನ ಕೇಂದ್ರದಲ್ಲಿ ಆಟಿಕೆ ಕಡಿಮೆ, ಇದ್ದದ್ದು ಬೀರುವಿನಲ್ಲಿ. ಹೊರಗೆ ಇರುತ್ತಿದ್ದದ್ದು ಅವರೇ ಕೂಡಿಟ್ಟ ಡಬ್ಬಿ ಮುಚ್ಚಳಗಳು, ತೆಂಗಿನ ಚಿಪ್ಪು, ಹಿಡಿ ಮುರಿದ ಸೌಟು. ಮೂರು ವರ್ಷದವರು ಅದರಲ್ಲಿ ಆಡುತ್ತಿದ್ದ ಆಟ ಮನೆಯ ಅಡುಗೆಯಲ್ಲ, ಅಂಗನವಾಡಿಯ ಅಡುಗೆ. ಒಬ್ಬಳು ಸಹಾಯಕಿ. 'ಸಾಲಾಗಿ ಕೂಡ್ರಿ, ಗದ್ದಲ ಮಾಡಬ್ಯಾಡ್ರಿ' ಎಂದು ಗದರಿಸಿ ಚಿಪ್ಪಿನಿಂದ ಗಾಳಿಯನ್ನು ಬಡಿಸುವಳು. ಕೂತವರಲ್ಲಿ ಒಬ್ಬ ಹುಡುಗ ಬಡಿಸಿದ್ದನ್ನು ಬಾಯಿಗೆ ಹಾಕದೆ ನೆಲಕ್ಕೆ ಕುಟ್ಟಿ, ಬೆರಳ ತುದಿಯಿಂದ ಏನನ್ನೋ ಬಿಡಿಸಿ ಬಿಡಿಸಿ ಪಕ್ಕಕ್ಕೆ ಇಡುತ್ತಿದ್ದ. ಅಂಗನವಾಡಿಯಲ್ಲಿ ಮೊಟ್ಟೆ ಕೊಡುವ ದಿನ ಅದು. ಅವನ ಮೊಟ್ಟೆಗೆ ಸಿಪ್ಪೆಯೂ ಇತ್ತು, ಕೈಯಲ್ಲಿ ಮಾತ್ರ ಏನೂ ಇರಲಿಲ್ಲ.

ಖಾಲಿ ಕೈಯ ಈ ಕಸರತ್ತನ್ನು ಪಂಡಿತರು ತುಂಬಾ ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಸ್ವಿಟ್ಜರ್‌ಲೆಂಡಿನ ಜೀನ್ ಪಿಯಾಜೆ 1945ರ ಪುಸ್ತಕದಲ್ಲಿ ತನ್ನ ಮಗಳನ್ನೇ ಉದಾಹರಣೆ ಕೊಡುತ್ತಾನೆ: ಹದಿನೈದು ತಿಂಗಳ ಜಾಕ್ಲಿನ್ ಒಂದು ಬಟ್ಟೆಯನ್ನು ದಿಂಬು ಮಾಡಿಕೊಂಡು, ಬೆರಳು ಚೀಪುತ್ತಾ, ಕಣ್ಣು ಮಿಟುಕಿಸಿ ನಗುತ್ತಾ ನಿದ್ದೆಯ ನಾಟಕ ಆಡಿದಳು. ಒಂದರಿಂದ ಎರಡು ವರ್ಷದ ನಡುವೆ ಮಕ್ಕಳು ಖಾಲಿ ಲೋಟದಿಂದ ಕುಡಿಯತೊಡಗುತ್ತಾರೆ, ಬೊಂಬೆಗೂ ಕುಡಿಸುತ್ತಾರೆ. ಮಗುವಿನಲ್ಲಿ ಆಟಿಸಂ ಲಕ್ಷಣ ಇದೆಯೇ ಎಂದು ತಿಳಿಯಲು 16ರಿಂದ 30 ತಿಂಗಳ ಮಕ್ಕಳ ತಂದೆತಾಯಿಗೆ ಕೊಡುವ 'ಎಂ-ಚಾಟ್' ಪ್ರಶ್ನಾವಳಿಯಲ್ಲಿ ಖಾಲಿ ಲೋಟದ ಪ್ರಶ್ನೆ ಇರುವುದು ಇದೇ ಕಾರಣಕ್ಕೆ.

ಹಾಗೆಂದು ಡಬ್ಬಿಯ ಮೇಲೆ ಬರೆದಂತೆ ಆಟಿಕೆ ಕೊಂಡರೆ ಬುದ್ಧಿ ಬೆಳೆಯುತ್ತದೆ ಎಂದು ನಂಬಬೇಕಾಗಿಲ್ಲ. ಆಂಜೆಲೀನ್ ಲಿಲ್ಲಾರ್ಡ್ ಮತ್ತು ಸಂಗಡಿಗರು 2013ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿ, ಕಲ್ಪನೆಯ ಆಟವೇ ಬೆಳವಣಿಗೆಗೆ ಕಾರಣ ಎನ್ನಲು ಪುರಾವೆ ಗಟ್ಟಿಯಿಲ್ಲ ಎಂದು ಬರೆದರು. ಮಾರಿಯಾ ಮಾಂಟೆಸ್ಸರಿಯ ಅನುಭವ ಇನ್ನೂ ಮಜವಾದದ್ದು. 1907ರಲ್ಲಿ ರೋಮ್‌ನಲ್ಲಿ ಮೊದಲ ಮಕ್ಕಳ ಮನೆ ತೆರೆದಾಗ ಅಲ್ಲಿಗೆ ಒಳ್ಳೊಳ್ಳೆಯ ಗೊಂಬೆ ಸಾಮಾನೂ ಬಂದಿತ್ತು. ಮಕ್ಕಳು ಅದರ ಕಡೆ ತಿರುಗಿಯೂ ನೋಡಲಿಲ್ಲ, ನಿಜವಾದ ಕೆಲಸ ಕೇಳಿದರು. ಟೀಚರಮ್ಮನ ಕೇಂದ್ರದ ಮಕ್ಕಳೂ ಅಷ್ಟೇ. ಬಟಾಣಿ ಸುಲಿಯುವ ಕೆಲಸ ಸಿಕ್ಕ ದಿನ ಮುಚ್ಚಳಗಳನ್ನು ಕೇಳುವವರಿರಲಿಲ್ಲ.

ಮತ್ತೆ ಅಂಗಡಿಗೆ ಬರೋಣ. ಏಕೆಂದರೆ ಎರಡು ವರ್ಷದ ಮಗುವಿನ ವಿಷಯದಲ್ಲಿ ಸಿರುಗುಪ್ಪದ ಓಣಿಯ ದಿನಸಿ ನಡೆಯುವುದಿಲ್ಲ. ಅಲ್ಲಿ ಆಡುತ್ತಿದ್ದವರು ಐದು, ಆರು, ಎಂಟು ವರ್ಷದವರು. ಎರಡರ ಕೂಸು ತೌಡು ಕಂಡರೆ ಬಾಯಿಗೆ ಹಾಕುತ್ತದೆ, ಇಟ್ಟಂಗಿ ಪುಡಿಯನ್ನು ಕಣ್ಣಿಗೆ ಒರೆಸಿಕೊಳ್ಳುತ್ತದೆ. ಈ ವಯಸ್ಸಿಗೆ ಕೊಂಡ ಸಾಮಾನೇ ಬೇಕು ಎನ್ನುವುದನ್ನು ಟೀಚರಮ್ಮನೂ ಒಪ್ಪುತ್ತಾರೆ. ಒಪ್ಪಿದ ಮೇಲೆ ಅಳತೆ, ಬಣ್ಣ, ಬ್ಯಾಟರಿ ನೋಡಲೇಬೇಕು.

ಭಾರತದಲ್ಲಿ 2021ರ ಜನವರಿ 1ರಿಂದ, 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಅದರ ಹಿಂದಿರುವ ಮಾನದಂಡ ಐಎಸ್ 9873. ಮೂರು ವರ್ಷದೊಳಗಿನವರ ಆಟಿಕೆಯ ಬಿಡಿಭಾಗ ಗಂಟಲಲ್ಲಿ ಸಿಕ್ಕುವಷ್ಟು ಸಣ್ಣದಿದೆಯೇ ಎಂದು ನೋಡಲು ಒಂದು ಉರುಳೆ ಬಳಸುತ್ತಾರೆ, ಅದರ ಬಾಯಿ 31.7 ಮಿಲಿಮೀಟರ್. ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್ ಅಗಲ. ಉರುಳೆ ಅದಕ್ಕಿಂತ ಸ್ವಲ್ಪ ದೊಡ್ಡದು. ಒಳಗೆ ಪೂರ್ತಿ ಇಳಿಯುವುದೆಲ್ಲ ಈ ವಯಸ್ಸಿಗೆ ನಿಷಿದ್ಧ. ನಲವತ್ತೆರಡು ಪೀಸಿನ ಡಬ್ಬಿಯ ದ್ರಾಕ್ಷಿ, ಅಣಬೆ, ಬರ್ಗರಿನ ನಡುವಿನ ಟೊಮೆಟೊ ಬಿಲ್ಲೆಯನ್ನು ನಾಣ್ಯದ ಪಕ್ಕ ಇಟ್ಟರೆ ಸಾಕು, ತೀರ್ಮಾನ ತಾನೇ ಆಗುತ್ತದೆ. ಡಬ್ಬಿಯ ಮೂಲೆಯಲ್ಲಿ '3+' ಎಂದು ಸಣ್ಣದಾಗಿ ಅಚ್ಚಾಗಿರುತ್ತದೆ. ಅದನ್ನು ಮಗುವಿನ ಜಾಣತನದ ಗುರುತೆಂದು ತಿಳಿದು 'ನಮ್ಮ ಕೂಸು ಚುರುಕು ಐತಿ, ನಡೀತೈತಿ' ಎನ್ನುವ ಅಜ್ಜಿಯರಿದ್ದಾರೆ. ಚುರುಕಿಗೂ ಗಂಟಲಿನ ಅಗಲಕ್ಕೂ ಸಂಬಂಧವಿಲ್ಲ.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ಹೊಸದು. ಅಂಗಡಿಯಲ್ಲಿ ಟೀಚರಮ್ಮ ಬೇರೊಂದು ಸೆಟ್ಟಿನ ಬಟ್ಟಲನ್ನು ಎತ್ತಿ ಬೆಳಕಿಗೆ ಹಿಡಿದರು. ಬುಡದಲ್ಲಿ ತೂತು. ಅಂಗಡಿಯವನು ನಾಚಿ, 'ಡ್ಯಾಮೇಜ್ ಪೀಸ್ ಬಂದೈತಮ್ಮಾ, ಬದಲಿ ಕೊಡ್ತೀನಿ' ಎಂದ. ಬದಲಿಗೂ ಅದೇ ಜಾಗದಲ್ಲಿ ತೂತು. ಅದು ದೋಷವಲ್ಲ. 1999ರ ಡಿಸೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 13 ತಿಂಗಳ ಮಗುವೊಂದು ಮೂಗು ಬಾಯಿಗೆ ಅರ್ಧ ಚೆಂಡಿನಾಕಾರದ ಪ್ಲಾಸ್ಟಿಕ್ ತುಂಡು ಕವುಚಿ ಹಿಡಿದುಕೊಂಡು ಉಸಿರುಗಟ್ಟಿ ಸತ್ತಿತು. ಬರ್ಗರ್ ಕಿಂಗ್ ಮಕ್ಕಳ ಊಟದ ಜೊತೆ ಕೊಟ್ಟಿದ್ದ ಪೊಕೆಮಾನ್ ಚೆಂಡಿನ ಅರ್ಧ ಅದು. ಅಂಥ ಎರಡೂವರೆ ಕೋಟಿಗೂ ಹೆಚ್ಚು ಚೆಂಡುಗಳನ್ನು ವಾಪಸ್ ಕರೆಯಲಾಯಿತು. ಆಮೇಲೆ ಬಟ್ಟಲು, ಲೋಟ, ಮೊಟ್ಟೆಯ ಅರ್ಧದಂಥ ಗುಂಡು ಬಾಯಿಯ ಆಟಿಕೆಗೆ, ಬಾಯಗಲ 64ರಿಂದ 102 ಮಿಲಿಮೀಟರ್ ಇದ್ದರೆ, ಗಾಳಿ ಆಡಲು ತೂತು ಬೇಕೆಂಬ ನಿಯಮ ಬಂತು. ಬಟ್ಟಲಲ್ಲಿ ನೀರು ನಿಲ್ಲುವುದಿಲ್ಲ ಎಂದು ಗೊಣಗುವ ಮುನ್ನ ಇದು ಗೊತ್ತಿದ್ದರೆ ಒಳ್ಳೆಯದು.

ಬಣ್ಣದ ವಿಷಯ ಕಣ್ಣಿಗೆ ಕಾಣುವುದಲ್ಲ. ಸೀಸ ಸೇರಿದಂತೆ ಎಂಟು ಧಾತುಗಳು ಬಣ್ಣದಿಂದ ಎಷ್ಟು ಬಿಡಬಹುದು ಎಂಬುದಕ್ಕೆ ಅದೇ ಮಾನದಂಡದ ಮೂರನೆಯ ಭಾಗದಲ್ಲಿ ಮಿತಿ ಇದೆ. ಜಾತ್ರೆಯ ಚಾಪೆಯ ಮೇಲೆ ಸುರಿದ ಸಾಮಾನಿಗೆ ಆ ಪರೀಕ್ಷೆ ಆಗಿದೆಯೋ ಇಲ್ಲವೋ ಹೇಳುವವರಿಲ್ಲ. ಕುರುಗೋಡಿನ ದೊಡ್ಡಬಸವೇಶ್ವರನ ತೇರಿನಲ್ಲಿ ಬೆಂಡು ಬತ್ತಾಸಿನ ಸಾಲಿನ ಪಕ್ಕದಲ್ಲೇ ಆಟಿಕೆ ಸಾಲು ಕೂರುತ್ತದೆ, ಮಕ್ಕಳನ್ನು ಅಲ್ಲಿಂದ ಬರಿಗೈಯಲ್ಲಿ ಕರೆತರುವುದು ಯಾರಿಂದಲೂ ಆಗುವ ಮಾತಲ್ಲ. ಅಲ್ಲಿ ಪೀಪಿ, ಗಿರಗಿಟ್ಲೆ ಕೊಡಿಸಿ, ಬಾಯಿಗೆ ಹೋಗುವ ಬಟ್ಟಲು ಚಮಚವನ್ನು ಬೇರೆ ಕಡೆ ಕೊಳ್ಳುವುದು ಟೀಚರಮ್ಮ ತಾಯಂದಿರಿಗೆ ಹೇಳುತ್ತಿದ್ದ ಉಪಾಯ. ದೀಪ ಹೊತ್ತಿ 'ಚುಂಯ್' ಎನ್ನುವ ಪ್ಲಾಸ್ಟಿಕ್ ಒಲೆಯನ್ನು ಅವರು ಮುಟ್ಟಲೂ ಇಲ್ಲ. ಅದರ ಹೊಟ್ಟೆಯಲ್ಲಿ ಗುಂಡಿಯಂಥ ಬ್ಯಾಟರಿ. ಅದನ್ನು ನುಂಗಿದ ಮಗುವಿನ ಅನ್ನನಾಳ ಎರಡು ಗಂಟೆಯೊಳಗೆ ಸುಡಬಹುದು. ಮುಚ್ಚಳಕ್ಕೆ ಸ್ಕ್ರೂ ಇದೆಯೇ ಎಂದು ನೋಡಬೇಕು, ಇಲ್ಲದಿದ್ದರೆ ಬಿಟ್ಟುಬರಬೇಕು.

ಆಟಿಕೆಯ ತಿನಿಸಿಗೆ ಇಷ್ಟೆಲ್ಲ ಕಾನೂನಿದ್ದರೂ, ನಮ್ಮ ದೇಶದ ಪುಟ್ಟ ಮಕ್ಕಳ ಶ್ವಾಸನಾಳದಿಂದ ವೈದ್ಯರು ಹೆಚ್ಚಾಗಿ ಹೊರತೆಗೆಯುವುದು ಪ್ಲಾಸ್ಟಿಕ್ಕಲ್ಲ, ಶೇಂಗಾ. ಕಾಳು ಒಳಗೆ ಹೋಗಿ ಒದ್ದೆಯಾಗಿ ಉಬ್ಬುತ್ತದೆ, ಎಕ್ಸ್‌-ರೇಯಲ್ಲಿ ಕಾಣುವುದೂ ಇಲ್ಲ. ಶೇಂಗಾ ಚಟ್ನಿ ಇಲ್ಲದ ದಿನವಿಲ್ಲದ ಬಳ್ಳಾರಿ ಸೀಮೆಯಲ್ಲಿ ಮಗುವಿನ ಬೋಗಣಿಗೆ ಆಟಕ್ಕೆಂದು ನಾಲ್ಕು ಶೇಂಗಾ, ನಾಲ್ಕು ಕಡಲೆ ಹಾಕಿಕೊಡುವುದು ಪ್ರೀತಿಯ ಲಕ್ಷಣ. ನಾಲ್ಕು ವರ್ಷದೊಳಗಿನವರಿಗೆ ಇಡೀ ಶೇಂಗಾ ಬೇಡ ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ಟೀಚರಮ್ಮ ತಾಯಂದಿರ ಸಭೆಗಳಲ್ಲಿ ಇದನ್ನು ಹೇಳಿ ಹೇಳಿ ಬೈಸಿಕೊಂಡವರು. 'ನಾವೇನು ಶೇಂಗಾ ತಿನ್ನದೆ ಬೆಳದೀವೇನ್ರಿ?' ಎಂಬ ಪ್ರಶ್ನೆಗೆ ಅವರ ಉತ್ತರ: 'ಬೆಳದವರಷ್ಟೇ ಬಂದು ಕೇಳ್ತೀರಲ್ಲವ್ವ.'

ಹಾಗಾದರೆ ಕೊಳ್ಳುವುದೇನು? ಹತ್ತಿರದ ಕಸುಬೆಂದರೆ ಕೊಪ್ಪಳದ ಕಿನ್ನಾಳ. ಚಿತ್ರಗಾರ ಮನೆತನಗಳು ಹಗುರ ಕಟ್ಟಿಗೆಯ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸಿ, ಮೇಲೆ ಲೇಪ ಕೊಟ್ಟು ಬಣ್ಣ ಬರೆಯುವ ಕಲೆ. ಚೆಂದಕ್ಕೆ ಸಾಟಿಯಿಲ್ಲ. ಆದರೆ ಅದು ಕಟ್ಟೆಯ ಮೇಲೆ, ಗಾಜಿನ ಕಪಾಟಿನಲ್ಲಿ ಇಡುವ ಗೊಂಬೆ. ಜೊಲ್ಲು ಸುರಿಸುವ ಬಾಯಿಗಲ್ಲ. ಚನ್ನಪಟ್ಟಣದ ದಾರಿ ಬೇರೆ. ಆಲೆ ಮರದ ತುಂಡನ್ನು ಕಡಚಲು ಯಂತ್ರದಲ್ಲಿ ತಿರುಗಿಸುತ್ತಾ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಕೂರುತ್ತದೆ, ಕೇದಗೆ ಗರಿಯಿಂದ ಉಜ್ಜಿದರೆ ಹೊಳಪು. ಚೂಪು ಅಂಚಿಲ್ಲ, ಸುಲಿದು ಬರುವ ಪೇಂಟಿಲ್ಲ. ಹಾಗಿದ್ದರೂ ಅರಿಸಿನ, ನೀಲಿಯಂಥ ಸಸ್ಯದ ಬಣ್ಣ ಹಾಕಿದ್ದೇ ಎಂದು ಕೇಳಿ ತೆಗೆದುಕೊಳ್ಳುವುದು ವಾಸಿ, ಏಕೆಂದರೆ ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಿಯ ಸಾಮಾನಿಗೂ ಐಎಸ್‌ಐ ಕಡ್ಡಾಯದಿಂದ ವಿನಾಯಿತಿ ಇದೆ. ಬೆಂಗಳೂರಿನ ನಾಗಸಂದ್ರದಲ್ಲಿ ಐಕಿಯಾ ತೆರೆದ ಮೇಲೆ ಅಲ್ಲಿನ ಬಟ್ಟೆಯ ತರಕಾರಿಯೂ ನೆಂಟರ ಚೀಲದಲ್ಲಿ ಬಳ್ಳಾರಿಗೆ ಬರುತ್ತಿದೆ. ಮೆತ್ತಗಿನ ಗಜ್ಜರಿ, ಅಣಬೆ. ಒಗೆಯಬಹುದು.

ಪ್ಲಾಸ್ಟಿಕ್ ಡಬ್ಬಿಯೂ ಇನ್ನು ಮುಂದೆ ದೂರದ್ದಲ್ಲ. ಆಟಿಕೆಯ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿದೆ. ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಏಕಸ್ ಸಂಸ್ಥೆ 400 ಎಕರೆಯಲ್ಲಿ ಆಟಿಕೆ ಕ್ಲಸ್ಟರ್ ಕಟ್ಟಿದೆ, ಶಂಕುಸ್ಥಾಪನೆ ಆದದ್ದು 2021ರ ಜನವರಿಯಲ್ಲಿ. ಜೋಳದ ರೊಟ್ಟಿ ಸೀಮೆಯ ನಟ್ಟನಡುವೆ ಕೂತ ಕಾರ್ಖಾನೆಯವರು ಒಂದು ಹಂಚು, ಒಂದು ಪರಾತ ಅಚ್ಚು ಹೊಯ್ದರೆ ಕೊಳ್ಳುವವರು ಇಲ್ಲೇ ಇದ್ದಾರೆ. ಇದು ಟೀಚರಮ್ಮನ ಅರ್ಜಿ, ಇನ್ನೂ ಯಾರಿಗೂ ಸಲ್ಲಿಸಿಲ್ಲ.

ಕೊನೆಗೆ ಅವರು ಮನೆಗೆ ತಂದದ್ದು ಚನ್ನಪಟ್ಟಣದ ಮೂರು ಬಟ್ಟಲು, ಒಂದು ಲಟ್ಟಣಿಗೆ ಮತ್ತು ಮಣೆ. ಜೊತೆಗೆ ಪಾತ್ರೆ ಅಂಗಡಿಯಿಂದ ಅಂಚು ಮಡಚಿದ ಸಣ್ಣ ಸ್ಟೀಲ್ ಪರಾತ, ಆಟಿಕೆಯಲ್ಲ, ನಿಜವಾದದ್ದೇ. ಸಂಜೆ ರೊಟ್ಟಿ ಮಾಡುವಾಗ ಒಂದು ಉಂಡೆ ಹಿಟ್ಟು ಮೊಮ್ಮಗಳ ಪರಾತಕ್ಕೆ. ಹುಟ್ಟಿದ ಹಬ್ಬದ ದಿನ ಬಂದ ಸೋದರಮಾವ ನಲವತ್ತೆರಡು ಪೀಸಿನ ಅದೇ ಡಬ್ಬಿ ತಂದ. ಸಣ್ಣ ಪೀಸುಗಳನ್ನು ಸೊಸೆ ಆರಿಸಿ ಮೇಲಿಟ್ಟಳು, ಪಿಜ್ಜಾದ ಹೋಳು ದೊಡ್ಡವಿದ್ದುದರಿಂದ ಉಳಿದವು. ಮಗು ಅದನ್ನು ಬೋರಲು ಹಾಕಿ, ಬಣ್ಣವಿಲ್ಲದ ಬದಿ ಮೇಲೆ ಮಾಡಿ, ಪರಾತದಲ್ಲಿಟ್ಟು ಎರಡೂ ಅಂಗೈಯಿಂದ ಬಡಿಯತೊಡಗಿತು. ಪ್ಲಾಸ್ಟಿಕ್ಕು ಸ್ಟೀಲಿಗೆ ತಾಗುವ ಸದ್ದು ರೊಟ್ಟಿಯ ಸದ್ದಿಗಿಂತ ಜೋರು. ಕೆಳಗಿನ ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗುವವರಿದ್ದಾರೆ. ಅವರು ಹತ್ತಿ ಬಂದು ಕೇಳಿಕೊಂಡ ಮೇಲೆ ಪರಾತ ಮಧ್ಯಾಹ್ನದ ಹೊತ್ತು ಫ್ರಿಜ್ಜಿನ ಮೇಲಿರುತ್ತದೆ, ನಾಲ್ಕು ಗಂಟೆಗೆ ಕೆಳಗೆ ಬರುತ್ತದೆ.